ಮೇಲಿನ ಸಾಲಿನಲ್ಲಿ ನಿಂತ ಕೆಳಗಿನ ದನಿ

ಊರಿನ ಅರ್ಧ ಜನ ನಮ್ಮ ದೊಡ್ಡಮ್ಮನನ್ನು ಗಂಡಸು ಎಂದುಕೊಂಡಿದ್ದಾರೆ. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಮೇಜು ಅವಳದು. ಕಿಟಕಿ ಪಕ್ಕದ ಕಬ್ಬಿಣದ ಮೇಜು, ವೈರು ಸಿಕ್ಕುಸಿಕ್ಕಾದ ಎರಡು ಫೋನು, ಎದುರು ಗೋಡೆಯ ಮೇಲೆ ಬೀದಿಬೀದಿಯ ಕೊಳವೆ ತೋರಿಸುವ ನಕ್ಷೆ. ನಲ್ಲಿಯಲ್ಲಿ ನೀರಿಲ್ಲದ ಸಿಟ್ಟಿಗೆ ಹಾರಾಡುತ್ತ ಫೋನು ಮಾಡಿದವರು, ಈ ಕಡೆಯಿಂದ ಆ ದನಿ "ಹೇಳಿ" ಎಂದ ಕೂಡಲೇ ತಣ್ಣಗಾಗುತ್ತಾರೆ. ಬೆಳಗ್ಗೆಯಿಂದ ಒಂದು ಹನಿಯೂ ಬಂದಿಲ್ಲ ಸಾರ್ ಎಂದು ಮೆತ್ತಗೆ ಹೇಳಿಕೊಳ್ಳುತ್ತಾರೆ. ಪಕ್ಕದ ಮೇಜಿನ ಹೆಂಗಸು ಗಂಟಲು ಹರಿದುಕೊಂಡರೂ ಸಿಗದ ಮರ್ಯಾದೆ ಇವಳಿಗೆ ಬಿಟ್ಟಿಯಾಗಿ ಸಿಗುತ್ತದೆ. ಕಚೇರಿಯವರೆಲ್ಲ ಅವಳನ್ನು ಸಾಹೇಬರು ಎಂದೇ ಕರೆಯುತ್ತಾರೆ. ಹಾಗೆ ಕರೆದಾಗ ಅವಳೂ ನಗುತ್ತಾಳೆ. ಆ ನಗುವಿನ ಹಿಂದೆ ಎಷ್ಟು ಬೇಸರವಿತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಾಗಬೇಕಿತ್ತು. ಓದಲೆಂದು ಅವಳ ಮನೆಗೆ ಬಂದವಳು ಕೆಲಸ ಸಿಕ್ಕ ಮೇಲೂ ಅಲ್ಲೇ ಬೀಡುಬಿಟ್ಟಿದ್ದೇನೆ. ಬಂದ ಹೊಸದರಲ್ಲಿ ಒಮ್ಮೆ ಅವಳ ಕಚೇರಿಗೆ ಫೋನು ಮಾಡಿ, "ಸಾರ್, ನಮ್ಮ ದೊಡ್ಡಮ್ಮನ್ನ ಸ್ವಲ್ಪ ಕರೀತೀರಾ?" ಎಂದು ಅವಳನ್ನೇ ಕೇಳಿದ್ದೆ. ಮನೆಯಲ್ಲಿ ನಾನು ಕೇಳುತ್ತಿದ್ದ ದನಿಯೇ ಬೇರೆ. ಹೊಸ್ತಿಲು ದಾಟುತ್ತಿದ್ದಂತೆ ಅವಳ ದನಿ ಮಹಡಿ ಹತ್ತುತ್ತಿತ್ತು. ತೆಳ್ಳಗೆ, ಸ್ವಲ್ಪ ಹಿಂಡಿದ ಹಾಗೆ, ಯಾರಿಗೋ ಹೆದರಿ ಹೆಜ್ಜೆಯಿಡುವ ಹಾಗೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ದೊಡ್ಡಪ್ಪನ ಜೊತೆ, ನನ್ನ ಜೊತೆ, ಹಾಲಿನವಳ ಜೊತೆ ಮಾತಾಡುತ್ತಿದ್ದುದು ಆ ದನಿಯಲ್ಲೇ. ಚಿಕ್ಕಂದಿನಲ್ಲಿ ಶಾಲೆಯ ಹಾಡಿನ ಮೇಷ್ಟ್ರು ಅವಳಿಗೆ, ನೀನು ಬಾಯಿ ಆಡಿಸು ಸಾಕು, ದನಿ ಬೇಡ ಎಂದಿದ್ದರಂತೆ. ಮದುವೆಯ ಮಾತು ಶುರುವಾದಾಗ ಅಜ್ಜಿ, ಇನ್ನು ಮೇಲಾದರೂ ಹೆಣ್ಣಿನ ಹಾಗೆ ಮಾತಾಡುವುದನ್ನು ಕಲಿ ಎಂದು ಕಡ್ಡಿ ಮುರಿದಂತೆ ಹೇಳಿದ್ದರಂತೆ. ದೊಡ್ಡಮ್ಮ ಹಟವಾದಿ, ಕಲಿತೇಬಿಟ್ಟಳು. ಈ ಹಾಳು ಕಲಿಕೆಯನ್ನು ನೆನೆದರೆ ನನಗೆ ಈಗಲೂ ಮೈಯುರಿಯುತ್ತದೆ.

ಅವಳಿಗೆ ಹಾಡೆಂದರೆ ಪ್ರಾಣ. ವಾಚನಾಲಯದ ಮೇಲಿನ ಕೋಣೆಯಲ್ಲಿ ಹೆಂಗಸರ ಹಾಡಿನ ಬಳಗವೊಂದು ಸೇರುತ್ತದೆಂದು ಕೇಳಿ ಅಂಜುತ್ತಂಜುತ್ತಲೇ ಹೋದಳು. ಬಳಗಕ್ಕೆ ಆಗಷ್ಟೇ ಹೊಸ ಟೀಚರು ಬರುವುದಿತ್ತು. ಎಲ್ಲರೂ ಒಂದೇ ಸ್ವರ ಹಿಡಿಯದೆ ಕೆಲವರು ಮೇಲಿನ ಸಾಲು, ಕೆಲವರು ಕೆಳಗಿನ ಸಾಲು ಹಾಡಿ, ಎರಡೂ ಸೇರಿ ಒಂದಾಗುವ ಹಾಡುಗಾರಿಕೆ ಅವರದು. ಮೊದಲ ದಿನವೇ ಅವರ ಬಸ್ಸು ತಡವಾಯಿತು. ಮೇಲಿನ ದನಿಯವರು ಎಡಗಡೆ, ಕೆಳಗಿನ ದನಿಯವರು ಬಲಗಡೆ ನಿಂತಿರಲಿ, ಬಂದ ಕೂಡಲೇ ಶುರು ಮಾಡೋಣ ಎಂದು ಫೋನಿನಲ್ಲಿ ಹೇಳಿದರು.

ಬಳಗದ ಕಾರ್ಯದರ್ಶಿ ಅಂಚೆ ಕಚೇರಿಯಿಂದ ನಿವೃತ್ತರಾದ ಹೆಂಗಸು. ಪೊಟ್ಟಣಗಳನ್ನು ವಿಂಗಡಿಸಿ ಜೀವನ ಸವೆಸಿದ ಕೈ ಸುಮ್ಮನಿರುತ್ತದೆಯೇ? ಯಾರಿಗೂ ಬಾಯಿ ತೆರೆಯುವ ತೊಂದರೆ ಕೊಡದೆ ಕಣ್ಣಳತೆಯಲ್ಲೇ ಕೆಲಸ ಮುಗಿಸಿದರು. ದಪ್ಪಗಿದ್ದವರು, ವಯಸ್ಸಾದವರು, ಎತ್ತರದವರು ಬಲಕ್ಕೆ. ಸಣ್ಣಗಿದ್ದವರೆಲ್ಲ ಎಡಕ್ಕೆ. ನಮ್ಮ ದೊಡ್ಡಮ್ಮ ಜೋರು ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕಾದ ಆಸಾಮಿ. ಇಷ್ಟು ಸಣ್ಣ ಮೈಯಲ್ಲಿ ಇನ್ನೆಂಥ ದನಿ ಇರುತ್ತದೆಂದು ಅವಳನ್ನು ಎಡಗಡೆಯ ಮೊದಲ ಸಾಲಿಗೇ ದಬ್ಬಿದರು. ಹಿಟ್ಟಿನ ಗಿರಣಿ ನಡೆಸುವ ಹೆಂಗಸು, ನಾವು ಗಿರಣಿ ಅಕ್ಕ ಎನ್ನುತ್ತಿದ್ದವರು, ಬಾಗಿಲು ತುಂಬ ಬರುವ ಆಳು. ಅವರು ಬಲಗಡೆಯ ಹಿಂದಿನ ಸಾಲಿಗೆ. ಏದುಸಿರು ಬಿಡುತ್ತ ಬಂದ ಟೀಚರು ಸಾಲು ಸಿದ್ಧವಾಗಿದ್ದುದನ್ನು ಕಂಡು ಖುಷಿಪಟ್ಟು ಪಾಠ ಶುರುಮಾಡಿದರು.

ಆ ದಿನ ದೊಡ್ಡಮ್ಮ ಮನೆಗೆ ಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ತನ್ನನ್ನು ಮೇಲಿನ ಸಾಲಿನಲ್ಲಿ ನಿಲ್ಲಿಸಿದರು ಎಂದು ಮತ್ತೆಮತ್ತೆ ಹೇಳಿದಳು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವಳನ್ನು ಏನೂ ಕೇಳದೆ ಹೆಂಗಸಿನ ದನಿಯವಳೆಂದು ಒಪ್ಪಿಕೊಂಡಿದ್ದರು. ಅದನ್ನು ಅವಳು ಹೇಗೆ ಬಿಟ್ಟುಕೊಟ್ಟಾಳು? ಕುತ್ತಿಗೆ ಚಾಚಿ, ಹುಬ್ಬು ಏರಿಸಿ, ತುದಿಗಾಲಲ್ಲಿ ನಿಂತು ಆ ಸ್ವರಗಳನ್ನು ಮುಟ್ಟಿದಳು. ಅಭ್ಯಾಸದ ದಿನ ಮನೆಗೆ ಬಂದರೆ ಬಿಸಿನೀರು ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಡಿದರೆ ಎಲ್ಲರಿಗೂ ಹೀಗೇ ಆಗುತ್ತದೆಂದು ನಮಗೆ ಹೇಳುತ್ತಿದ್ದಳು. ಎರಡನೆಯ ವರ್ಷಕ್ಕೆ ದನಿ ಮಧ್ಯೆ ಮಧ್ಯೆ ಮಾಯವಾಗತೊಡಗಿತು. ಫೋನಿನಲ್ಲಿ "ಹೇಳಿ" ಎಂದರೆ ಬರೀ ಗಾಳಿ ಬರುತ್ತಿತ್ತು. ಲೈನು ಕೆಟ್ಟಿದೆಯೆಂದು ಜನ ಫೋನು ಇಡುತ್ತಿದ್ದರು.

ಗಂಟಲಿನ ಡಾಕ್ಟರು ಒಳಗೆ ಸಣ್ಣ ಕನ್ನಡಿ ಇಳಿಸಿ ನೋಡಿದರು. ದನಿಯ ಎರಡೂ ಎಳೆ ಬಾತುಕೊಂಡಿವೆ, ಒಂದರ ಮೇಲೆ ಗಂಟು ಕಟ್ಟುತ್ತಿದೆ, ಹೀಗೇ ಎತ್ತರಿಸಿ ಹಾಡಿದರೆ ಹಾಡಿನ ಜೊತೆ ಮಾತೂ ಹೋಗುತ್ತದೆ ಎಂದರು. ಸದ್ಯಕ್ಕೆ ಒಂದು ತಿಂಗಳು ಪೂರ್ತಿ ಮೌನ. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದು. ಜೊತೆಗಿದ್ದ ನನಗೆ ಮೊದಲು ಹೊಳೆದದ್ದು ಅವಳ ನೌಕರಿ. ಮಾತಿನಿಂದಲೇ ನಡೆಯುವ ಕೆಲಸ ಅವಳದು. ಆದರೆ ಹೊರಗೆ ಬಂದು ಅವಳು ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದದ್ದು ಕೆಲಸದ ವಿಚಾರವಲ್ಲ. "ಹಾಡು?" ಎಂದಷ್ಟೇ ಬರೆದಳು.

ಕಚೇರಿಯಲ್ಲಿ ಅವಳನ್ನು ಟೈಪು ಮಾಡುವ ಕೆಲಸಕ್ಕೆ ಕೂರಿಸಿದರು. ಮನೆಯಲ್ಲಿ ಚಪ್ಪಾಳೆ ತಟ್ಟಿ ಕರೆಯುತ್ತಿದ್ದಳು. ಒಂದು ಚಪ್ಪಾಳೆ ನನಗೆ, ಎರಡು ದೊಡ್ಡಪ್ಪನಿಗೆ. ಬಳಗಕ್ಕೆ ಮಾತ್ರ ತಪ್ಪದೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ಅಲ್ಲಿಯತನಕ ಅವಳು ಬಳಗದ ಹಾಡನ್ನು ಹೊರಗಿನಿಂದ ಕೇಳಿಯೇ ಇರಲಿಲ್ಲ. ತನ್ನ ಗಂಟಲಿನ ಯುದ್ಧದಲ್ಲಿ ಬೇರೇನು ಕೇಳಿಸೀತು? ಈಗ ಕೇಳಿಸಿತು. ಮೇಲಿನ ಸಾಲು ಚೆನ್ನಾಗಿಯೇ ಇತ್ತು, ಅವಳಿಲ್ಲದೆ ಇನ್ನೂ ಚೆನ್ನಾಗಿತ್ತು. ಕೆಳಗಿನ ಸಾಲು ಮಾತ್ರ ಬರೀ ಉಸಿರು. ಹಾಡಿನ ಕೊನೆಗೆ ಮೇಲಿನವರು ನಿಲ್ಲಿಸಿ, ಕೆಳಗಿನವರಷ್ಟೇ ಇಳಿದು ಇಳಿದು ಮುಗಿಸಬೇಕಾದ ಒಂದು ಜಾಗವಿತ್ತು. ಅಲ್ಲಿಗೆ ಬರುತ್ತಿದ್ದಂತೆ ಬಲಗಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗಿರಣಿ ಅಕ್ಕ ಗದ್ದವನ್ನು ಎದೆಗೆ ಒತ್ತಿಕೊಂಡು ಗುಟುರು ಹಾಕುತ್ತಿದ್ದರು. ಆ ಸ್ವರ ತನ್ನ ಎದೆಯೊಳಗೆ ತಾನಾಗಿಯೇ ಕೂತಿರುವುದು ದೊಡ್ಡಮ್ಮನಿಗೆ ಗೊತ್ತಾಯಿತು. ಖುಷಿಯಾಗಲಿಲ್ಲ, ಹೆದರಿಕೆಯಾಯಿತಂತೆ.

ಮೌನ ಮುಗಿದ ಮೇಲೆ ಡಾಕ್ಟರು ಅವಳನ್ನು ದನಿಯ ತರಬೇತಿ ಕೊಡುವವಳ ಹತ್ತಿರ ಕಳಿಸಿದರು. ನನ್ನ ವಯಸ್ಸಿನ ಹುಡುಗಿ. ಹಾಡಿ ಎಂದೂ ಕೇಳಲಿಲ್ಲ, ಮಾತಾಡಿ ಎಂದೂ ಕೇಳಲಿಲ್ಲ. ಅರ್ಧ ನಿದ್ದೆಯಲ್ಲಿರುವಾಗ ಯಾರಾದರೂ ಏನೋ ಕೇಳಿದರೆ ಹೂಂಗುಡುತ್ತೀರಲ್ಲ, ಹಾಗೆ ಹೂಂ ಅನ್ನಿ ಎಂದಳು. ದೊಡ್ಡಮ್ಮ ಕಣ್ಣು ಮುಚ್ಚಿ ಹೂಂ ಎಂದಳು. ಆ ಪುಟ್ಟ ಕೋಣೆಯ ಗಾಜಿನ ಕಪಾಟು ಸಣ್ಣಗೆ ನಡುಗಿತು.

"ಇದು ನಿಮ್ಮ ದನಿ. ಇದನ್ನ ಬಿಟ್ಟು ಬೇರೆಯವರ ದನೀಲಿ ಬದುಕ್ತಾ ಇದೀರಿ, ಅದಕ್ಕೇ ಗಂಟಲು ನೋಯ್ತಿರೋದು" ಎಂದಳು ಹುಡುಗಿ.

ಹೆಂಗಸರ ದನಿಯಲ್ಲೂ ಮೇಲಿನದು, ನಡುವಿನದು, ಕೆಳಗಿನದು ಎಂದು ಇರುತ್ತದೆ. ನಿಜವಾಗಿ ಕೆಳಗಿನದು ತುಂಬ ಅಪರೂಪ. ಅದು ಗಂಡಸಿನ ದನಿಯಲ್ಲ, ಅದರ ಬಣ್ಣವೇ ಬೇರೆ ಎಂದೆಲ್ಲ ವಿವರಿಸಿದಳು. ದೊಡ್ಡಮ್ಮ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಅತ್ತಳು. ಕಚೇರಿಯಲ್ಲಿ ಸಾಹೇಬ ಆಗಿದ್ದು ಸಾಲದೇ, ಇನ್ನು ಹಾಡಿನಲ್ಲೂ ಗಂಡಸಾಗಬೇಕೇ, ಅದಕ್ಕಿಂತ ಹಾಡುವುದನ್ನೇ ಬಿಡುತ್ತೇನೆ ಎಂದಳು. ನಾನು ಏನು ಹೇಳಿದರೂ ಸೊಪ್ಪು ಹಾಕಲಿಲ್ಲ. ಬಳಗಕ್ಕೆ ಹೋಗುವುದು ನಿಂತಿತು. ಅಭ್ಯಾಸದ ದಿನ ಬಂದರೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಹಾಡಿಲ್ಲದ ಅವಳನ್ನು ನೋಡುವುದು ನಮಗೆ ಕಷ್ಟವಾಗುತ್ತಿತ್ತು.

ಅವಳನ್ನು ತಿರುಗಿಸಿದ್ದು ನಾನೂ ಅಲ್ಲ, ಡಾಕ್ಟರೂ ಅಲ್ಲ. ಒಂದು ಬೆಳಗ್ಗೆ ಅವಳೂ ನಾನೂ ಗೋಧಿ ಬೀಸಿಸಲು ಗಿರಣಿಗೆ ಹೋದೆವು. ಒಳಗೆ ಯಂತ್ರ ಗಡಗಡ ಎನ್ನುತ್ತಿತ್ತು. ಬಾಗಿಲು, ತಕ್ಕಡಿ, ಜೇಡರ ಬಲೆ ಎಲ್ಲದರ ಮೇಲೂ ಬಿಳಿ ಹಿಟ್ಟು. ಹೊರಗೆ ನಿಂತವರನ್ನು ಗಿರಣಿ ಅಕ್ಕ ಒಳಗಿನಿಂದಲೇ ಕರೆಯುತ್ತಿದ್ದರು. ಯಂತ್ರದ ಅಷ್ಟು ಸದ್ದನ್ನು ಸೀಳಿಕೊಂಡು ದನಿ ಬೀದಿಗೆ ಬರುತ್ತಿತ್ತು, ಸೂಜಿಯಷ್ಟು ಸಣ್ಣ, ಸೂಜಿಯಷ್ಟೇ ನೇರ. ದೊಡ್ಡಮ್ಮ ಚೀಲ ಹಿಡಿದುಕೊಂಡು ನಿಂತಲ್ಲೇ ನಿಂತಳು. ನಮ್ಮ ಸರದಿ ಬಂದಾಗ ಅವಳು ಹೇಳಿದ್ದು ಆ ಗದ್ದಲದಲ್ಲಿ ಗಿರಣಿ ಅಕ್ಕನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೊನೆಗೆ ಅವರು ಯಂತ್ರವನ್ನೇ ನಿಲ್ಲಿಸಿದರು.

"ಅಕ್ಕಾ, ನಿಮ್ಮದು ಮೇಲಿನ ದನಿ. ಕೆಳಗಿನ ಸಾಲಲ್ಲಿ ಯಾಕೆ ನಿಂತಿದೀರಿ?" ಎಂದಳು ದೊಡ್ಡಮ್ಮ. ಅವಸರದಲ್ಲಿ ದನಿಯನ್ನು ಮಹಡಿ ಹತ್ತಿಸುವುದನ್ನು ಮರೆತಿದ್ದಳು.

ಗಿರಣಿ ಅಕ್ಕ ಆ ದನಿ ಕೇಳಿ ಅವಳನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡರು. "ಈ ಮೈ ಹೊತ್ಕೊಂಡು ಮುಂದಿನ ಸಾಲಲ್ಲಿ ನಿಂತು ಈ ದನಿ ತೆಗೆದ್ರೆ ಜನ ನಗಲ್ವಾ? ಚಿಕ್ಕಂದಿನಿಂದ ನಕ್ಕಿದಾರೆ. ಹಿಂದೆ ನಿಲ್ಲು ಅಂದ್ರು, ಬಚಾವಾದೆ ಅಂತ ನಿಂತೆ" ಎಂದರು. "ನೀವೂ ಹಂಗೇ ಬಚ್ಚಿಟ್ಕೊಂಡಿದ್ರಾ?" ಎಂದು ಕೇಳಿದರು.

ದೊಡ್ಡಮ್ಮ ಹೂಂ ಎಂದಳು. ಇಬ್ಬರೂ ಹಿಟ್ಟಿನ ಮೂಟೆಗಳ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಬೀದಿಯಲ್ಲಿ ಸರದಿಗೆ ಕಾಯುತ್ತಿದ್ದವರು ಗೊಣಗತೊಡಗಿದ ಮೇಲೆಯೇ ಯಂತ್ರ ಮತ್ತೆ ಶುರುವಾದದ್ದು. ಅಷ್ಟರಲ್ಲಿ ಒಪ್ಪಂದವಾಗಿತ್ತು: ಒಬ್ಬಳೇ ಜಾಗ ಬದಲಾಯಿಸಲು ಇಬ್ಬರಿಗೂ ಧೈರ್ಯವಿಲ್ಲ, ಆದ್ದರಿಂದ ಇಬ್ಬರೂ ಒಟ್ಟಿಗೇ ಬದಲಾಯಿಸುವುದು.

ಮುಂದಿನ ಅಭ್ಯಾಸದ ದಿನ ಅವರಿಬ್ಬರೂ ಯಾರನ್ನೂ ಕೇಳದೆ ಅದಲುಬದಲಾಗಿ ನಿಂತರು. ಕಾರ್ಯದರ್ಶಿ, ಹೀಗೆ ನಿಂತರೆ ಸಾಲು ನೋಡಲು ಚೆನ್ನಾಗಿರುವುದಿಲ್ಲ ಎಂದು ಕೊಸರಾಡಿದರು. ಟೀಚರಿಗೆ ಮೊದಲು ಏನೂ ತಿಳಿಯಲಿಲ್ಲ. ಹಾಡು ಕೊನೆಗೆ ಬಂತು, ಮೇಲಿನವರು ನಿಲ್ಲಿಸಿದರು. ಕೆಳಗಿನ ಸಾಲು ಇಳಿಯಿತು, ಇನ್ನೂ ಇಳಿಯಿತು, ಉಳಿದವರ ಉಸಿರು ಮುಗಿದ ಕಡೆಯಲ್ಲಿ ದೊಡ್ಡಮ್ಮ ಒಬ್ಬಳೇ ಉಳಿದಳು. ಕುತ್ತಿಗೆ ಚಾಚಲಿಲ್ಲ, ಹುಬ್ಬು ಏರಿಸಲಿಲ್ಲ. ಟೀಚರು ತಾಳ ಹಾಕುತ್ತಿದ್ದ ಕೈಯನ್ನು ಗಾಳಿಯಲ್ಲೇ ಮರೆತರು. ಎರಡು ವರ್ಷದಿಂದ ಎಲ್ಲಿದ್ದಿರಿ ನೀವು ಎಂದು ಕೇಳಿದರು. ಎಡಗಡೆ ಮೊದಲ ಸಾಲಿನಲ್ಲಿ ಎಂದು ದೊಡ್ಡಮ್ಮ ಉತ್ತರ ಕೊಟ್ಟಳು. ಇಡೀ ಕೋಣೆ ನಕ್ಕಿತು, ಟೀಚರ ಮುಖ ಕೆಂಪಾಯಿತು. ಅಂದು ಅವರು ಒಬ್ಬೊಬ್ಬರನ್ನೇ ಹತ್ತಿರ ಕರೆದು ಹೂಂ ಅನ್ನಿಸಿ ನೋಡಿದರು. ಸಾಲುಗಳು ಅರ್ಧಕ್ಕರ್ಧ ಬದಲಾದವು.

ಗಂಟಲು ವಾಸಿಯಾಯಿತು. ಮೇಲಿನ ಸ್ವರಗಳು ಮಾತ್ರ ಇನ್ನು ಬರಲಾರವು ಎಂದರು ಡಾಕ್ಟರು. ಹೋಗಲಿ, ನನ್ನದಲ್ಲದ್ದು ನನಗೇಕೆ ಎಂದು ದೊಡ್ಡಮ್ಮ ಅಲ್ಲಿ ಧೈರ್ಯದಿಂದಲೇ ಹೇಳಿದಳು. ಮನೆಗೆ ಬಂದ ಮೇಲೆ ಮಾತ್ರ ದೊಡ್ಡಪ್ಪನ ಜೊತೆ ಕಷ್ಟಪಟ್ಟು ಆ ಹಿಂಡಿದ ದನಿಯನ್ನೇ ತೆಗೆಯುತ್ತಿದ್ದಳು, ಬರದಿದ್ದರೆ ಸುಮ್ಮನಾಗುತ್ತಿದ್ದಳು. ಬಳಗದ ಮುಂದೆ ಬಂದ ಧೈರ್ಯ ಗಂಡನ ಮುಂದೆ ಬಂದಿರಲಿಲ್ಲ. ಬಳಗದ ಹಾಡಿನ ಕಾರ್ಯಕ್ರಮ ಗೊತ್ತಾದಾಗ, ಅದಕ್ಕೆ ಅವರು ಬರುವುದೇ ಬೇಡ ಎಂದು ನನ್ನ ಕೈಯಲ್ಲಿ ಹೇಳಿಸಿದ್ದಳು.

ಅವರು ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಪಕ್ಕದಲ್ಲೇ ಕೂತರು. ಆ ಕೊನೆಯ ಸ್ವರ ಬಂದಾಗ ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡರು, ಚಪ್ಪಾಳೆ ಮುಗಿದರೂ ಬಿಡಲಿಲ್ಲ. ಹೊರಗೆ ಬಸ್‌ಸ್ಟಾಪಿನ ಬೆಂಚಿನಲ್ಲಿ ಮೂವರೂ ಕೂತೆವು. ಇನ್ನೂ ಬಿಸಿಲಿತ್ತು. ದೊಡ್ಡಮ್ಮ ತಲೆ ಎತ್ತಿರಲಿಲ್ಲ.

"ನೀನು ಮೊದಲ ಸಲ ನಮ್ಮ ಅಂಗಡಿಗೆ ಬಂದು, ರವಿಕೆ ತೋಳು ಬಿಗಿಯಾಗಿದೆ ಅಂತ ಜಗಳ ಆಡಿದ್ಯಲ್ಲ, ಅವತ್ತಿನ ದನಿ ಇದು" ಎಂದರು ದೊಡ್ಡಪ್ಪ. "ಅದನ್ನ ಕೇಳೇ ನಾನು ಮದುವೆ ಆಗೋಣ ಅಂದಿದ್ದು. ಆಮೇಲೆ ಮನೇಲಿ ಒಂದು ದಿನವೂ ಕೇಳಿಸಲಿಲ್ಲ."

"ಅದೆಲ್ಲಿ ಹೋಯ್ತು ಅಂತ ಯಾಕೆ ಕೇಳಲಿಲ್ಲ ನೀವು?" ಎಂದಳು ದೊಡ್ಡಮ್ಮ.

"ಅದು ಸಿಟ್ಟು ಬಂದಾಗಿನ ದನಿ ಅಂದ್ಕೊಂಡಿದ್ದೆ. ಬರದೇ ಇದ್ರೆ ನೀನು ಖುಷಿಯಾಗಿದೀಯ ಅಂತ ಸಮಾಧಾನ ಮಾಡ್ಕೊಳ್ತಿದ್ದೆ."

ದೊಡ್ಡಮ್ಮ ತಲೆ ಎತ್ತಿ ಅವರನ್ನು ನೋಡಿದಳು. ಕಣ್ಣು ತುಂಬಿತ್ತು.

"ಇಷ್ಟು ವರ್ಷ ನಿಮ್ಮ ಜೊತೆ ಬೇರೆ ಯಾರೋ ಸಂಸಾರ ಮಾಡಿದ ಹಾಗಾಯ್ತಲ್ಲ" ಎಂದಳು. ಗಾಜಿನ ಕಪಾಟನ್ನು ನಡುಗಿಸಿದ ದನಿಯಲ್ಲೇ ಹೇಳಿದಳು.

"ಪರವಾಗಿಲ್ಲ ಬಿಡು" ಎಂದರು ದೊಡ್ಡಪ್ಪ, "ಅವಳೂ ಒಳ್ಳೆಯವಳೇ."