ಕುಂತ ಕುರಿಗಳ ಫೋಟೋ

ಮಂದ್ರೂಪದ ಹೊರಗೆ ನಮ್ಮದೊಂದು ಜೋಳದ ಹೊಲವಿದೆ. ರಾಶಿ ಮುಗಿದು ಬರೀ ಕೂಳೆ ಉಳಿದಿದ್ದ ಆ ಹೊಲದಲ್ಲಿ ಅವತ್ತು ಮುಂಜಾನೆ ನಾವು ನಾಲ್ವರಿದ್ದೆವು: ಕುರಿಗಳ ಒಡತಿ, ಅಕ್ಕಲಕೋಟೆಯ ಆಚೆಯ ಹಳ್ಳಿಯಿಂದ ಬಂದಿದ್ದ ಅವಳ ತಮ್ಮ, ಸೊಲ್ಲಾಪುರದಲ್ಲಿ ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗಳು, ಮತ್ತೆ ನಾನು. ಉಳಿದ ಜಾಗವನ್ನೆಲ್ಲ ಕುರಿಗಳು ತುಂಬಿದ್ದವು. ಇನ್ನೂ ಎದ್ದಿರಲಿಲ್ಲ, ಕಾಲು ಮಡಚಿ ಕೂತು ಮೆಲುಕು ಹಾಕುತ್ತಿದ್ದವು.

ರಾಶಿಯಾದ ಮೇಲೆ ಹೊಲದಲ್ಲಿ ರಾತ್ರಿ ಕುರಿ ಕೂಡಿಸುವುದು ನಮ್ಮ ಕಡೆಯ ರೂಢಿ. ಹಿಂಡು ಮಲಗಿದಷ್ಟು ನೆಲಕ್ಕೆ ಗೊಬ್ಬರ ಬೀಳುತ್ತದೆ, ಕುರಿಯವರಿಗೆ ಜೋಳ ಸಿಗುತ್ತದೆ. ನಮ್ಮ ಹೊಲಕ್ಕೆ ಪ್ರತಿ ವರ್ಷ ಬರುವವಳು ಇದೇ ಹೆಂಗಸು. ಅವಳೂ ನನ್ನ ತಾಯಿಯೂ ಒಂದೇ ಓಣಿಯಲ್ಲಿ ಬೆಳೆದವರು, ಹಾಗಾಗಿ ನನಗೆ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ನಾನು ಓದಿದ್ದು ಮರಾಠಿ ಸಾಲಿಯಲ್ಲಿ. ಕನ್ನಡದ ಅಕ್ಷರಗಳನ್ನು ಬೆಳೆದ ಮೇಲೆ ನಾನೇ ಕುಳಿತು ಕಲಿತೆ. ಮಾತು ಮಾತ್ರ ಅದಕ್ಕೂ ಮೊದಲೇ ಬಂದಿತ್ತು, ಮಾವಶಿಯಂಥವರು ಕಟ್ಟೆಯ ಮೇಲೆ ಕೂತು ಒಬ್ಬರನ್ನೊಬ್ಬರು ಬೈದುಕೊಳ್ಳುವುದನ್ನು ಕೇಳಿ ಕೇಳಿ.

ಮಾವಶಿಯ ಮೊಣಕಾಲು ಹಿಡಿದುಕೊಂಡಿತ್ತು. ಇನ್ನು ಹಿಂಡಿನ ಹಿಂದೆ ಅಡ್ಡಾಡುವುದು ಆಗದ ಮಾತು. ಮಕ್ಕಳಿಬ್ಬರೂ ಸೊಲ್ಲಾಪುರದಲ್ಲಿ ಟವೆಲ್ಲು ನೇಯುವ ಮಗ್ಗಕ್ಕೆ ಹೋಗುತ್ತಾರೆ, ಕುರಿಯ ಗೋಜು ಅವರಿಗೆ ಬೇಡ. ಆದ್ದರಿಂದ ಹಿಂಡನ್ನು ತಮ್ಮನ ಹಿಂಡಿನಲ್ಲಿ ಸೇರಿಸುವುದೆಂದು ಅವಳೇ ತೀರ್ಮಾನ ಮಾಡಿದ್ದಳು. ಅವತ್ತು ಬಿಸಿಲೇರುವುದರೊಳಗೆ ತಮ್ಮ ಹೊಡೆದುಕೊಂಡು ಹೋಗುವವನಿದ್ದ. ಅದಕ್ಕಿಂತ ಮೊದಲು ಅವಳಿಗೊಂದು ಫೋಟೋ ಬೇಕಾಗಿತ್ತು. ಹಿಂಡೆಲ್ಲ ಕೂತಿರಬೇಕು, ನಡುವೆ ತಾನು ಕೂತಿರಬೇಕು.

"ನಿಂತಿದ್ದು ಬ್ಯಾಡ ನೋಡ" ಎಂದು ಹಿಂದಿನ ದಿನವೇ ಫೋನಿನಲ್ಲಿ ತಾಕೀತು ಮಾಡಿದ್ದಳು. "ನಿಂತವಂದ್ರ ಹೊಂಟಂಗ ಕಾಣ್ತಾವ. ಗ್ವಾಡಿ ಮ್ಯಾಲ ದಿನಾ ಹೊಂಟಿದ್ದು ಯಾರು ನೋಡಬೇಕು?"

ನಾನು ನನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ತಂದಿದ್ದೆ. ಅಣ್ಣನ ಮಗಳು ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದಾಗ ಕೊಂಡಿದ್ದು. ಕೊರಳಿಗೆ ಹಾಕಿಕೊಂಡರೆ ಸಂಜೆಗೆ ಕುತ್ತಿಗೆ ನೋಯುತ್ತದೆ, ಹಿಡಿಕೆಯ ರಬ್ಬರು ಒಂದು ಕಡೆ ಕಿತ್ತಿದೆ. ಆದರೂ ಕಣ್ಣಿಟ್ಟು ನೋಡಿದರೆ ಲೋಕ ನೇರವಾಗಿ ಕಾಣುತ್ತದೆ, ಗುಂಡಿ ಒತ್ತಿದ ಕ್ಷಣಕ್ಕೆ ಚಿತ್ರ ಸಿಗುತ್ತದೆ. ಹುಡುಗಿಯ ಜೇಬಿನಲ್ಲಿ ಅವಳ ಹೊಸ ಸಣ್ಣ ಡಿಜಿಟಲ್ ಕ್ಯಾಮೆರಾ. ಈಗ ಕಾಲೇಜಿನವರಿಗೆ ಅದರದ್ದೇ ಹುಚ್ಚು. ನಾನು ಅವಳಿಗೆ 'ಆತ್ಯಾ', ಅಂದರೆ ಸೋದರತ್ತೆ. ನನ್ನ ಕ್ಯಾಮೆರಾವನ್ನು ಅವಳು 'ಆಜೋಬಾ' ಎಂದು ಕರೆಯುತ್ತಾಳೆ, ಅಂದರೆ ಅಜ್ಜ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಮಗೆ ಅದೇ ವಾದ.

"ಆತ್ಯಾ, ಇದು ಇನ್ನ ಮ್ಯೂಸಿಯಂದಾಗ ಇಡು. ಎಷ್ಟ ಜಡ ಐತಿ!"

"ನಿಂದು ಬಿಸಲಾಗ ಕಣ್ಣ ಮುಚ್ಚತೈತಲ್ಲ? ಪಡದಾ ಮ್ಯಾಲ ಏನೂ ಕಾಣಂಗಿಲ್ಲ."

"ಕೈ ಅಡ್ಡ ಹಿಡದು ಸಾವಲಿ ಮಾಡ್ಕೊಂಡು ನೋಡ್ಬೇಕ. ಅಷ್ಟ."

ಹೊಲಕ್ಕೆ ಹೋದಾಗ ಮಾವಶಿ ಎರಡನ್ನೂ ನೋಡಿದಳು. ಅವಳ ತಮ್ಮ ಕುರಿಯವರ ದೇವರು ಬೀರೋಬಾನ ಹೆಸರು ಹೇಳಿ ಮುಂದಾಳು ಕುರಿಯ ಹಣೆಗೆ ಭಂಡಾರ ಹಚ್ಚುತ್ತಿದ್ದ. ಮಾವಶಿ ಅವನ ಚೀಲದಿಂದ ಒಂದು ಚಿಟಿಕೆ ಅರಿಶಿನ ತೆಗೆದು, ನನ್ನ ಕ್ಯಾಮೆರಾದ ಮೇಲೆ ಉಬ್ಬಿದ ಭಾಗಕ್ಕೆ ಹಚ್ಚಿದಳು. ಹುಡುಗಿ ತನ್ನದನ್ನೂ ಮುಂದೆ ಹಿಡಿದಳು.

"ಇದಕ್ಕ ಎಲ್ಲಿ ಹಚ್ಚಲೇ ಪೋರಿ? ಹಣಿನs ಇಲ್ಲ. ಸಾಬಾಣ ಡಬ್ಬಿ ಕಂಡಂಗ ಕಾಣ್ತೈತಿ."

ಮಾವಶಿ ಹಿಂಡಿನ ನಡುವೆ ಹೋಗಿ ಕೂತಳು. ನೋಯುವ ಕಾಲನ್ನು ಚಾಚಿ, ಸೆರಗು ತಲೆಯ ಮೇಲೆ ಎಳೆದುಕೊಂಡಳು. ತಮ್ಮ ಚಿತ್ರದಲ್ಲಿ ಬೀಳದಂತೆ ದೂರದ ಬದುವಿನ ಹತ್ತಿರ ಕೋಲು ಊರಿ, ಆಚೆ ಮುಖ ಮಾಡಿ ನಿಂತ. ಬೆಳಕು ಅಡ್ಡಲಾಗಿ ಬೀಳುತ್ತಿತ್ತು. ನಾನು ಕಣ್ಣಿಟ್ಟು, ಅವಳ ಮುಖಕ್ಕೆ ಫೋಕಸ್ ಮಾಡಿ ಒತ್ತಿದೆ. ಖಟಕ್.

ಮುಂದಾಳು ಕುರಿ ಎದ್ದು ನಿಂತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡನೋಡುತ್ತಿದ್ದಂತೆ ಹಿಂಡಿಗೆ ಹಿಂಡೇ ಎದ್ದಿತು, ಕೂತವಳು ಮಾವಶಿ ಒಬ್ಬಳೇ. ಕುರಿಗಳ ಗದ್ದಲ ಕೇಳಿದ ತಮ್ಮ, ಹಿಂದೆ ತಿರುಗಿಯೂ ನೋಡದೆ, ಕೋಲು ಹೆಗಲಿಗೇರಿಸಿ ರಸ್ತೆಯ ಕಡೆ ನಡೆದೇಬಿಟ್ಟ. ಹಿಂಡು ಅವನ ಬೆನ್ನಿಗೆ ಬಿದ್ದಿತು.

"ಏ ತಮ್ಮಾ! ನಿಂದರೋ! ನಾ ಎಬ್ಬಿಸಿಲ್ಲೋ!"

"ನೀನs ಎಬ್ಬಿಸಿದೆಲ್ಲ ಅಕ್ಕಾ?"

"ನಾ ಎಲ್ಲಿ ಎಬ್ಬಿಸಿದೆ? ಇಕಿ ಮಶೀನ ಎಬ್ಬಿಸ್ತು!"

ಆಗಷ್ಟೇ ನಮಗೆ ವಿಷಯ ತಿಳಿದದ್ದು. ಕುರಿ ಎಬ್ಬಿಸಲು ಮಾವಶಿ ನಾಲಿಗೆಯನ್ನು ಅಂಗುಳಕ್ಕೆ ಹತ್ತಿಸಿ ಒಂದು ಸದ್ದು ಮಾಡುತ್ತಾಳೆ. ಒಬ್ಬೊಬ್ಬ ಕುರಿಯವರದ್ದು ಒಂದೊಂದು ಥರ. ಮಾವಶಿಯದು ಎರಡು ತುಂಡಿನ ಸದ್ದು, ಮೊದಲದು ಗಟ್ಟಿ, ಎರಡನೆಯದು ಸ್ವಲ್ಪ ಮೆತ್ತಗೆ. ನನ್ನ ಕ್ಯಾಮೆರಾದೊಳಗೆ ಒಂದು ಕನ್ನಡಿ ಇದೆ. ಗುಂಡಿ ಒತ್ತಿದಾಗ ಅದು ಮೇಲೆ ಹಾರಿ ಕೆಳಗೆ ಬೀಳುತ್ತದೆ. ಆ ಸದ್ದೂ ಎರಡು ತುಂಡಿನದೇ. ಎಷ್ಟೋ ಮದುವೆಗಳಲ್ಲಿ ಆ ಸದ್ದು ಕೇಳಿದ್ದೇನೆ, ಜನರು ಅದನ್ನು ಕೇಳಿ ಬಿಗಿಹಿಡಿದ ಉಸಿರು ಬಿಡುತ್ತಾರೆ. ಎದ್ದು ಹೊರಟವರು ಇವರೇ ಮೊದಲು.

ತಮ್ಮ ಹಿಂಡನ್ನು ತಿರುಗಿಸಿಕೊಂಡು ಬಂದ. ಎದ್ದ ಕುರಿಯನ್ನು ಮತ್ತೆ ಕೂಡಿಸುವುದು ಸುಲಭವಲ್ಲ. ಮಾವಶಿ ಕೂತಲ್ಲಿಂದಲೇ ಅವನಿಗೆ, "ಕೋಲು ಕೆಳಗ ಇಡು, ನೀನೂ ಕೂಡು. ನೀ ನಿಂತಿ ಅಂದ್ರ ಅವೂ ನಿಂದರತಾವ" ಎಂದಳು. ಅವನು ಗೊಣಗುತ್ತ ಕೂತ. ಅವನಿಗೆ ಹೈವೇಯ ಚಿಂತೆ, ಕಬ್ಬಿನ ಟ್ರ್ಯಾಕ್ಟರುಗಳು ಶುರುವಾದರೆ ಹಿಂಡು ದಾಟಿಸುವುದು ಕಷ್ಟ.

ಕುರಿಗಳು ಒಂದೊಂದೇ ಕೂರುವಷ್ಟರಲ್ಲಿ ನಾನು ತೆಗೆದ ಚಿತ್ರವನ್ನು ಮಾವಶಿಗೆ ತೋರಿಸಿದೆ. ಕುರಿ ಏಳುವ ಮೊದಲಿನ ಕ್ಷಣ ಸಿಕ್ಕಿತ್ತು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಮುಖದ ಒಂದೊಂದು ಗೆರೆಯೂ ಎಣಿಸುವಂತೆ, ಮೂಗುಬೊಟ್ಟಿನ ಹೊಳಪು, ಹಿಂದೆ ಬೆಳ್ಳಗೆ ಮಂಜು ಕವಿದ ಹಾಗೆ.

"ಹಿಂದಿಂದು ಏನಿದು?"

"ಕುರಿ, ಮಾವಶಿ."

"ಎಲ್ಲಿ ಕುರಿ? ಹಿಟ್ಟ ಚೆಲ್ಲಿದಂಗ ಐತಿ. ನನ್ನ ಮಾರಿ ಯಾರಿಗಿ ಬೇಕಾಗೈತಿ?"

"ಬ್ಲರ್ ಮಸ್ತ ಆಲಾಯ್ ಆಜಿ, ಹಿಂದ ಮಸುಕ ಆಗಿದ್ದs ಚಂದ" ಎಂದು ಹುಡುಗಿ ನನ್ನ ಪರ ವಹಿಸಿದಳು. ಬಸ್ಸಿನಲ್ಲಿ ವಾದ ಮಾಡಿದ್ದನ್ನು ಮರೆತು ಎಂದು ಕಾಣುತ್ತದೆ.

ದೊಡ್ಡ ಕ್ಯಾಮೆರಾದ ಗುಣವೇ ಅದು. ಒಬ್ಬರನ್ನು ಹಿಡಿದರೆ ಉಳಿದವರನ್ನು ಕರಗಿಸುತ್ತದೆ. ಜನ ಅದಕ್ಕೇ ಅದನ್ನು ಮೆಚ್ಚುತ್ತಾರೆ. ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ಹಿಂದಿನವೂ ಕಾಣುತ್ತವೆ. ನಾನು ಹಾಗೆ ಮಾಡಿ, ಕ್ಯಾಮೆರಾದ ಮೇಲೆ ಟವೆಲ್ಲು ಸುತ್ತಿ, ಇನ್ನೊಂದು ಸಲ ಒತ್ತಿದೆ. ಟವೆಲ್ಲಿನೊಳಗಿಂದಲೂ ಸದ್ದು ಬಂತು. ಗುಂಡಿಯ ಜೊತೆಗೆ ನನ್ನ ಕೈಯೂ ಅಲುಗಿ ಚಿತ್ರ ಕೆಟ್ಟಿತು. ಮುಂದಾಳು ಕುರಿ ಎದ್ದಿತು.

"ಅಕ್ಕಾ, ಈಗ ಯಾರು? ನೀನೋ, ಮಶೀನೋ?" ಎಂದ ತಮ್ಮ, ಬದುವಿನ ಮೇಲಿಂದ. "ನಾ ಹೋಗಲ್ಯಾ, ಕೂಡಲ್ಯಾ?"

"ನೀ ಕುಂದರೋ ಮಾರಾಯಾ!"

ಬಿಸಿಲು ಏರಿತ್ತು. ಆಗ ಹುಡುಗಿ ತನ್ನ ಸಣ್ಣ ಕ್ಯಾಮೆರಾದ ಸದ್ದು ಬಂದ್ ಮಾಡಿದಳು. ಅದರಲ್ಲಿ ಕನ್ನಡಿ ಇಲ್ಲ, ಸದ್ದೆಂಬುದೇ ಬೇಕಿದ್ದರೆ ಹಾಕಿಕೊಳ್ಳುವ ಒಡವೆ. ಕುರಿಗಳು ಮತ್ತೆ ಕೂತ ಮೇಲೆ ಅವಳು ದುಪಟ್ಟಾವನ್ನು ಪರದೆಯ ಮೇಲೆ ಹೊದಿಸಿ, ಅದರೊಳಗೆ ತಲೆ ತೂರಿಸಿ ನಿಂತಳು. ನೋಡಿದವರಿಗೆ ಹಳೆಯ ಸ್ಟುಡಿಯೋದ ಕಪ್ಪು ಬಟ್ಟೆಯೊಳಗಿನ ಫೋಟೋಗ್ರಾಫರು ನೆನಪಾಗಬೇಕು. ಮಾವಶಿ ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ಕಾದಳು.

"ಹೊಡದಿ?"

ದುಪಟ್ಟಾದ ಅಂಚು ಒಂದಿಷ್ಟು ಅಲುಗಿತು.

"ಹೊಡಿಲೇ ಪೋರಿ, ಕಾಲು ಜೋಮು ಹಿಡೀತು!"

ಮಾವಶಿ ಬೇಸತ್ತು ಉಸಿರು ಬಿಟ್ಟಳು. ಪಕ್ಕದ ಕುರಿಯ ಕಿವಿಯಲ್ಲಿ ಸಿಕ್ಕಿದ್ದ ಮುಳ್ಳು ಕಂಡು ಅದನ್ನು ಕೀಳಲು ಬಾಗಿದಳು.

"ಝಾಲಾ ಆಜಿ, ಮುಗೀತು! ಬಹಳ ಹೊಡದೀನಿ. ಆಗಿನಿಂದ ಹೊಡ್ಯಾಕತ್ತೀನಿ."

"ಸುಳ್ಳ ಹೇಳಬ್ಯಾಡ. ಸದ್ದs ಬರಲಿಲ್ಲ."

ಮಾವಶಿ ಎದ್ದಳು. ನಾನು ಅವಳ ರಟ್ಟೆ ಹಿಡಿದುಕೊಂಡೆ. ಆಮೇಲೆ ತಮ್ಮನ ಕಡೆ ನೋಡಿ, ಸಲೀಸಾಗಿ, ನಾಲಿಗೆಯಿಂದ ಆ ಸದ್ದು ಮಾಡಿದಳು. ಹಿಂಡು ಎದ್ದು ಹೊಲ ದಾಟಿ, ರಸ್ತೆ ಹತ್ತಿ ಹೋಯಿತು. ನಾವು ಚಹಾ ಕುಡಿದೆವು.

ಸೊಲ್ಲಾಪುರದ ಸ್ಟುಡಿಯೋ ಒಂದರಲ್ಲಿ ಎರಡು ಚಿತ್ರಗಳನ್ನು ಒಂದೇ ಅಳತೆಗೆ ಹಾಕಿಸಿದೆ. ಒಂದು ನನ್ನ ಮೊದಲನೆಯದು, ಇನ್ನೊಂದು ಹುಡುಗಿಯದು, ಮುಳ್ಳು ಕೀಳಲು ಬಾಗಿದ್ದು. ಪಕ್ಕ ಪಕ್ಕ ಇಟ್ಟರೆ ತಕರಾರಿಲ್ಲದೆ ನನ್ನದೇ ಚಂದ. ಬೆಳಕಿನಲ್ಲಿ ಆಳವಿದೆ, ಮುಖದಲ್ಲಿ ಜೀವವಿದೆ. ಹುಡುಗಿಯದರಲ್ಲಿ ಆಕಾಶ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದೆ, ಮಾವಶಿಯ ಮುಖ ಅರ್ಧವೇ ಕಾಣುತ್ತದೆ, ಚಿತ್ರ ತಗಡಿನಂತೆ ಚಪ್ಪಟೆ. ಆದರೆ ಮುಂದಿನ ಕುರಿಯಿಂದ ಬದುವಿನ ಹತ್ತಿರದ ಕುರಿಯವರೆಗೆ ಒಂದೂ ಮಸುಕಾಗಿಲ್ಲ. ಸಣ್ಣ ಕ್ಯಾಮೆರಾ ಯಾರನ್ನೂ ಆರಿಸುವುದಿಲ್ಲ. ಇದ್ದವರನ್ನೆಲ್ಲ ಬರೆದುಕೊಳ್ಳುತ್ತದೆ.

ಎರಡನ್ನೂ ಮಾವಶಿಯ ಮನೆಗೆ ಒಯ್ದೆ. ನನ್ನದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಇದು ಚಲೋ ಐತಿ. ನನ್ನ ತಿಥಿಗಿ ಆಗ್ತೈತಿ, ತಗದಿಡು."

ಹುಡುಗಿಯದನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಾಡಿಸುತ್ತ ಒಂದೊಂದೇ ಕುರಿಯನ್ನು ಗುರುತು ಹಿಡಿದಳು. ಇದು ಕುಂಟಿ, ಇದು ಕಳ್ಳಿ, ಇದರ ತಾಯಿ ಅದು. ಬದುವಿನ ಹತ್ತಿರ, ಕರಿ ಮೋರೆಯ ಒಂದು ಕುರಿಯ ಮೇಲೆ ಬೆರಳು ನಿಂತಿತು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಇದು ಗಬ್ಬ ಐತಲ್ಲೇ ಯವ್ವಾ. ಹೊಟ್ಟಿ ನೋಡು ಹೆಂಗ ಇಳದೈತಿ. ಇದನ್ನ ಅಷ್ಟು ದೂರ ನಡಸಿ ಬಿಟ್ಟೆನೇ ನಾ?"

"ತಮ್ಮನ ಹತ್ರ ಐತಲ್ಲ ಮಾವಶಿ, ನೋಡ್ಕೋತಾನ."

"ಅಂವ ಏನ ನೋಡ್ಕೋತಾನ. ಮಶೀನ ಖಟಕ್ ಅಂದ್ರ ಎದ್ದ ನಡ್ಯಾಂವ."

ಅಮಾವಾಸ್ಯೆ ಕಳೆದ ಮೇಲೆ ಮಾವಶಿ ಒಬ್ಬಳೇ ಸೊಲ್ಲಾಪುರಕ್ಕೆ ಹೋಗಿ, ಅಲ್ಲಿಂದ ವಳಸಂಗದ ಮೇಲೆ ಹೋಗುವ ಅಕ್ಕಲಕೋಟೆಯ ಬಸ್ಸು ಹತ್ತಿ, ತಮ್ಮನ ಊರು ಸೇರಿದಳು. ಮಾರನೆಯ ದಿನ ಟಂಟಂ ಆಟೋ ಒಂದರಲ್ಲಿ ಕರಿ ಮೋರೆಯ ಕುರಿಯನ್ನು ಕೂಡಿಸಿಕೊಂಡು, ತಾನು ಅದರ ಪಕ್ಕ ಕಾಲು ಚಾಚಿ ಕೂತು ವಾಪಸು ಬಂದಳು. ಅದನ್ನು ಮನೆಯ ಮುಂದಿನ ಗೂಟಕ್ಕೆ ಕಟ್ಟಿದಳು. ಆ ವಾರದಲ್ಲೇ ಅದು ಈಯಿತು. ಹೆಣ್ಣು ಮರಿ.