ಒಂದು ಹೆಜ್ಜೆಗೆ ಒಂದು ಕೋಟಿ ವರ್ಷ

ಟೀಚರ್ ನಡೆಯುವಾಗ ಬಲಗಾಲು ಮೊದಲು ಹೊರಕ್ಕೆ ಬೀಸಿ, ಆಮೇಲೆ ಏನೋ ನೆನಪಾದ ಹಾಗೆ ಮುಂದಕ್ಕೆ ಬರುತ್ತಿತ್ತು. ಮೊಣಕಾಲು ಮಡಚುತ್ತಿರಲಿಲ್ಲ. ಆದರೂ ಅವರು ಪೆರ್ಲ ಪೇಟೆಯಲ್ಲಿ ಆಟೋ ಹತ್ತಿದ್ದನ್ನು ಕಂಡವರಿಲ್ಲ. "ಇಷ್ಟು ದೂರಕ್ಕೆ ಆಟೋ ಎಂತಕ್ಕೆ? ಕಾಲು ಉಂಟಲ್ಲ, ಒಂದೂವರೆ!" ಎಂದು ತಾವೇ ನಗುತ್ತಿದ್ದರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ತುಳು. ಭಾನುವಾರ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಿ ಪೂಜೆ ಮುಗಿಸಿ, ಶಾಲೆ ಅರ್ಧಕ್ಕೆ ಬಿಟ್ಟ ನಮ್ಮಂಥ ದೊಡ್ಡವರಿಗೆ ಹತ್ತನೇ ತರಗತಿಯ ಪಾಠ ಮಾಡಲು ಅದೇ ಶಾಲೆಗೆ ಬರುತ್ತಿದ್ದರು. ನಾನು ಬೀಡಿ ಕಟ್ಟುವವಳು. ಹತ್ತನೆಯದು ಪಾಸಾಗಬೇಕೆಂಬುದು ನನ್ನ ಇಪ್ಪತ್ತು ವರ್ಷದ ಆಸೆ.

ಆ ವರ್ಷ ನನ್ನ ಮಗಳೂ ಹತ್ತನೇ ತರಗತಿ. ಮದುವೆಯೊಂದರ ಊಟದ ಪಂಕ್ತಿಯಲ್ಲಿ ನಾದಿನಿ ಎಲ್ಲರಿಗೂ ಕೇಳುವಂತೆ, "ತಾಯಿಗೂ ಮಗಳಿಗೂ ಒಂದೇ ಯೂನಿಫಾರ್ಮಾ ಅತ್ತಿಗೆ?" ಎಂದಳು. ಪಂಕ್ತಿಯೇ ನಕ್ಕಿತು. ಪಾಯಸ ಬಡಿಸುವ ಮೊದಲೇ ನಾನು ಎಲೆ ಮಡಚಿ ಎದ್ದೆ. ಮುಂದಿನ ಭಾನುವಾರ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಹಿಂದಿರುಗಿಸಲು ಹೋದೆ.

"ತಡ ಆಯಿತು ಟೀಚರ್. ನಲವತ್ತರಲ್ಲಿ ಎಂತ ಶಾಲೆ?"

ಅವರು ಚೀಲ ಮುಟ್ಟಲಿಲ್ಲ. "ತಡ ಅಂದರೆ ಎಷ್ಟು ಅಂತ ನೋಡುವ, ಬಾ" ಎಂದು ಶಾಲೆಯ ಗೇಟಿಗೆ ಕರೆದುಕೊಂಡು ಹೋದರು. ಭೂಮಿ ಹುಟ್ಟಿದ್ದು ಗೇಟಿನಲ್ಲಿ. ಅವರ ಒಂದು ಹೆಜ್ಜೆಗೆ ಒಂದು ಕೋಟಿ ವರ್ಷ. ಇವತ್ತಿಗೆ ತಲುಪಲು ನಾನೂರ ಅರವತ್ತು ಹೆಜ್ಜೆ. "ಕತೆ ಹೇಳುವುದು ನಾನು, ಎಣಿಸುವುದು ನೀನು" ಎಂದರು.

ಸುಮಾರು ತೊಂಬತ್ತು ಹೆಜ್ಜೆಯವರೆಗೆ ಜೀವದ ಸುಳಿವೇ ಇಲ್ಲ. ಬೆಂಕಿ, ಕಲ್ಲು, ಆಮೇಲೆ ನೀರು. ಹಾಲಿನ ಬೂತಿನ ಎದುರು ಕಣ್ಣಿಗೆ ಕಾಣದಷ್ಟು ಸಣ್ಣ ಜೀವ ಹುಟ್ಟಿತು. ಟೈಲರ್ ಅಂಗಡಿ ದಾಟಿದರೂ ಅದೇ ಸಣ್ಣ ಜೀವ.

"ಇನ್ನೂ ಅದುವೇಯಾ?"

"ಅದಕ್ಕೆ ಅವಸರ ಇಲ್ಲ. ಎಷ್ಟಾಯಿತು?"

ನಾನು ಮಡಚಿದ ಬೆರಳು ನೋಡಿಕೊಂಡೆ. ಕೈಯ ಚಾಳಿ ಬಿಡಬೇಕಲ್ಲ! ಬೀಡಿ ಇಪ್ಪತ್ತೈದಕ್ಕೊಂದು ಕಟ್ಟು. ಇಪ್ಪತ್ತೈದು ಹೆಜ್ಜೆಯಾದ ಕೂಡಲೇ ಒಂದು ಬೆರಳು ಮಡಚಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದೆ. ಈಗ ಹತ್ತು ಕಟ್ಟೋ ಹನ್ನೊಂದೋ ತಿಳಿಯದು.

"ಅಯ್ಯೋ, ಇಪ್ಪತ್ತೈದು ಕೋಟಿ ವರ್ಷ ಎಲ್ಲಿ ಬೀಳಿಸಿದಿ ಮಾರಾಯ್ತಿ!" ರಸ್ತೆ ಬದಿಯಲ್ಲೇ ಹೊಟ್ಟೆ ಹಿಡಿದು ನಕ್ಕರು. ಹಣೆ ಬೆವರಿತ್ತು, ಕಾಲು ನೋಯುತ್ತಿದೆಯೆಂದು ನನಗೆ ಗೊತ್ತು. ಅಂದಾಜಿಗೆ ಹೇಳಿದರೆ ಸಾಕು ಎಂದೆ. ಕೇಳಬೇಕಲ್ಲ! "ತಪ್ಪಿದರೆ ಮೊದಲಿಂದ" ಎಂದು ಗೇಟಿಗೆ ವಾಪಸು ನಡೆದೇಬಿಟ್ಟರು.

ಎರಡನೇ ಸಲ ಅವರೂ ಬೀಡಿಕಟ್ಟಿನ ಲೆಕ್ಕದಲ್ಲೇ ಎಣಿಸಿದರು. ಹದಿನಾರು ಕಟ್ಟು ಕಳೆದ ಮೇಲೆ ಮೀನು ಬಂತು. ಮತ್ತೆ ನೆಲದಲ್ಲಿ ಗಿಡ. ಡೈನೋಸಾರ್‌ಗಳು ಬಸ್ ತಂಗುದಾಣದ ಎದುರು ಹದಿನಾರು ಹೆಜ್ಜೆ ಮೆರೆದು ಹೋದವು. ಕೊನೆಯ ಹೆಜ್ಜೆ ಊರಿ, ಟೀಚರ್ ಬಗ್ಗಿ ಚಪ್ಪಲಿಯ ತುದಿಯಲ್ಲಿ ಹೆಬ್ಬೆರಳಗಲ ಜಾಗ ತೋರಿಸಿದರು.

"ಮನುಷ್ಯ ಬಂದದ್ದು ಇಷ್ಟರಲ್ಲಿ. ಎಲ್ಲರ ಊಟ ಆದ ಮೇಲೆ ಬಂದವ. ನಾಚಿಕೆ ಆಯಿತು ಅಂತ ಹಿಂದೆ ಹೋದನಾ? ಕೂತ, ಕಲಿತ. ಈ ಲೆಕ್ಕ ಎಲ್ಲ ಕಂಡುಹಿಡಿದದ್ದು ಆ ತಡವಾಗಿ ಬಂದವನೇ ಅಲ್ವಾ? ನಿನ್ನ ಇಪ್ಪತ್ತು ವರ್ಷ ಇದರಲ್ಲಿ ಎಲ್ಲಿ ಉಂಟು, ತೋರಿಸು ನೋಡುವ."

ತೋರಿಸಲು ಜಾಗವೇ ಇರಲಿಲ್ಲ. ಅಳುವೂ ಬಂತು, ನಗುವೂ ಬಂತು. ಪುಸ್ತಕದ ಚೀಲ ನನ್ನ ಜೊತೆಗೇ ಮನೆಗೆ ಬಂತು.

ಮಗಳೂ ನಾನೂ ಪಾಸಾದೆವು. ಸರ್ಟಿಫಿಕೇಟು ಹಿಡಿದು ಓಡಿದಾಗ ಟೀಚರ್ ಹಾಸಿಗೆ ಹಿಡಿದಿದ್ದರು. ಹೊಗಳುತ್ತಾರೆಂದು ಕಾದೆ.

"ಪ್ಲಸ್ ಟುಗೆ ಅರ್ಜಿ ಹಾಕಿದೆಯಾ?"

"ಇಲ್ಲ ಟೀಚರ್."

"ಮತ್ತೆ ಎಂತ ನೋಡ್ತಾ ಕೂತಿದ್ದಿ?"

ಅವರು ನನಗೆ ಆಡಿದ ಕೊನೆಯ ಮಾತು ಅದು. ಮಣ್ಣು ಮಾಡಿದ ದಿನ ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿ, ಹೆತ್ತ ತಾಯಿಗೂ ಅಳದಷ್ಟು ಅತ್ತೆ. ಮರುದಿನ ಪ್ಲಸ್ ಟುಗೆ, ಅಂದರೆ ಹನ್ನೊಂದು-ಹನ್ನೆರಡನೇ ತರಗತಿಗೆ, ಅರ್ಜಿ ತುಂಬಿಸಿದೆ. ವಯಸ್ಸು ಕೇಳಿದ ಜಾಗದಲ್ಲಿ ನಲವತ್ತೊಂದು ಎಂದು ದೊಡ್ಡ ಅಕ್ಷರದಲ್ಲಿ ಬರೆದೆ.