ಅಂಗಾಲು ತೋರಿಸಿ ಬಂದದ್ದು

ಹಲ್ಲಿನ ಡಾಕ್ಟರ ಬಳಿ ಹೋಗುವ ದಿನ ಎರಡೆರಡು ಸಲ ಹಲ್ಲುಜ್ಜುವವರ ಪೈಕಿ ನಾನು. ಹೀಗಾಗಿ ಪಾದದ ಡಾಕ್ಟರನ್ನು ಕಾಣಲು ರಾಣೆಬೆನ್ನೂರಿಗೆ ಹೊರಟ ಬೆಳಿಗ್ಗೆ ಬಚ್ಚಲಲ್ಲಿ ಅರ್ಧ ತಾಸು ಕುಳಿತು ಕಲ್ಲಿನಿಂದ ಹಿಮ್ಮಡಿ ತಿಕ್ಕಿದೆ. ಅರವತ್ತೆರಡು ವರ್ಷ ನನ್ನನ್ನು ಹೊತ್ತು ತಿರುಗಿದ ಕಾಲುಗಳಿಗೆ ಒಂದೇ ಬೆಳಗಿನಲ್ಲಿ ಮರ್ಯಾದೆ ತಂದುಕೊಡುವ ಆಸೆ.

ಪಾದಕ್ಕೂ ಒಬ್ಬ ಡಾಕ್ಟರು ಇರುತ್ತಾರೆಂಬುದೇ ನನಗೆ ಹೊಸದು. ನಮ್ಮ ಬ್ಯಾಡಗಿಯಲ್ಲಿ ಅಂಗಾಲು ಉರಿದರೆ ಜನ ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಿ ಸುಮ್ಮನಾಗುತ್ತಾರೆ. ನಾನೂ ಎರಡು ವರ್ಷ ಸುಮ್ಮನಿದ್ದೆ. ಕಡೆಗೆ ಸಕ್ಕರೆ ಕಾಯಿಲೆಗೆ ಔಷಧ ಕೊಡುವ ಡಾಕ್ಟರು ಗದರಿಸಿ ಚೀಟಿ ಬರೆದುಕೊಟ್ಟರು. ನಮ್ಮ ಮನೆಯವರೂ ಜೊತೆಗೆ ಹೊರಟರು. ನಿವೃತ್ತರಾದ ಮೇಲೆ ಬಸ್ಸು ಹತ್ತಲು ಅವರಿಗೆ ಯಾವ ನೆಪವಾದರೂ ಸಾಕು.

ಕಾಲಿನ ವಿಷಯದಲ್ಲಿ ನಮ್ಮ ಭಾಷೆಗೂ ಪಂಕ್ತಿಭೇದವಿದೆ. ಗುರುಗಳದ್ದಾದರೆ ಪಾದ, ದೇವರದ್ದಾದರೆ ಅಡಿದಾವರೆ, ನನ್ನದಾದರೆ ಬರೀ ಕಾಲು. ಮನೆಗೆ ಬಂದ ಸೊಸೆಯ ಕಾಲ್ಗುಣ ನೋಡುತ್ತೇವೆ, ಕಾಲನ್ನು ಯಾರೂ ನೋಡುವುದಿಲ್ಲ. ನಾನೇ ನನ್ನ ಅಂಗಾಲನ್ನು ಕೊನೆಯ ಸಲ ನೋಡಿದ್ದು ಯಾವಾಗಲೋ ಮುಳ್ಳು ಚುಚ್ಚಿದಾಗ ಇರಬೇಕು.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ನಿಂತು ಮಾಡುವ ಕೆಲಸವೇ ಎಂದು ಕೇಳಿದರು. ಶಾಲೆಯಲ್ಲಿ ಟೀಚರಾಗಿದ್ದೆ ಎಂದೆ. ಕಾಲಿಗಿಂತ ಮೊದಲು ನನ್ನ ಚಪ್ಪಲಿಯನ್ನು ಎತ್ತಿಕೊಂಡು, ಯಾವ ಕಡೆ ಸವೆದಿದೆ ನೋಡಿ, ಒಳಗೆ ಕೈಯಾಡಿಸಿದರು. ಆಮೇಲೆ ಸಣ್ಣ ಸ್ಟೂಲಿನ ಮೇಲೆ ಕುಳಿತು ನನ್ನ ಪಾದವನ್ನು ತಮ್ಮ ಮಡಿಲಿಗೆ ಎತ್ತಿಕೊಂಡರು. ಕಾಲು ಮುಟ್ಟಿದವರನ್ನು ಹರಸಿ ರೂಢಿಯಾದ ನಾಲಿಗೆ. "ನೂರು ವರ್ಷ ಬಾಳವ್ವ" ಎಂದುಬಿಟ್ಟೆ. ಅವರು ನಗುತ್ತಲೇ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಅಲ್ಲೂ ನಾಡಿ ಇರುತ್ತದೆಂದು ನನಗೆ ತಿಳಿದದ್ದು ಅಂದೇ.

ನಂತರ ಪರೀಕ್ಷೆ. ನಾನು ಕಣ್ಣು ಮುಚ್ಚಬೇಕು. ಅವರು ಗಾಳದ ದಾರದಂಥ ಎಳೆಯೊಂದನ್ನು ಅಲ್ಲಲ್ಲಿ ತಾಗಿಸುತ್ತಾರೆ. ತಾಗಿದ್ದು ಗೊತ್ತಾದಾಗ ಹೂಂ ಎನ್ನಬೇಕು. ಮೊದಲು ಸರಿಯಾಗಿಯೇ ಹೇಳಿದೆ. ಬರಬರುತ್ತ ಏನೂ ತಾಗದಂತಾಯಿತು. ಗುತ್ತಲದಿಂದ ಹಲಗೇರಿಯವರೆಗೆ ಕೆಲಸ ಮಾಡಿದ ಶಾಲೆಗಳಲ್ಲೆಲ್ಲ ಮಕ್ಕಳ ಕಾಪಿ ಹಿಡಿದೇ ಹೆಸರು ಮಾಡಿದ್ದ ನಾನು, ನಾಪಾಸಾಗುವ ಭಯಕ್ಕೆ ಅಂದಾಜಿನ ಮೇಲೆ ಹೂಂ ಎನ್ನತೊಡಗಿದೆ.

"ಅಕ್ಕೋರ, ಈಗ ನಾ ಮುಟ್ಟೇ ಇಲ್ರಿ" ಎಂದರು ಡಾಕ್ಟರು.

ಕಣ್ಣು ಬಿಟ್ಟೆ. ಅವರು ನಗುತ್ತಿರಲಿಲ್ಲ. ಎಡಗಾಲಿನ ಎರಡನೇ ಬೆರಳು ತೋರಿಸಿದರು. ಕಾಲುಂಗುರದ ಅಡಿಯಲ್ಲಿ ಚರ್ಮ ಒಡೆದು ಹುಣ್ಣಾಗಿತ್ತು. ನೋವು ಹೇಳುವ ನರವೇ ಸುಮ್ಮನಾಗಿದ್ದರಿಂದ ನನಗೆ ಸುದ್ದಿಯೇ ಮುಟ್ಟಿರಲಿಲ್ಲ. ಇನ್ನಷ್ಟು ತಡಮಾಡಿದ್ದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿತ್ತಂತೆ.

ಊದಿದ ಬೆರಳಿನಲ್ಲಿ ಹೂತುಹೋಗಿದ್ದ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಿತ್ತು. ಮದುವೆಯ ದಿನ ತೊಟ್ಟ ಮೇಲೆ ನಾನು ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಮನೆಯವರ ಮುಖ ನೋಡಿದೆ. ಇವರು ಕುರ್ಚಿಯಿಂದ ಎದ್ದು ಬಂದು, "ಕತ್ತರಿಸ್ರಿ ಡಾಕ್ಟರ. ನಾ ಇಲ್ಲೇ ಗಟ್ಟಿಮುಟ್ಟ ನಿಂತೇನಲ್ಲ" ಎಂದರು. ಉಂಗುರ ಎರಡು ತುಂಡಾಯಿತು. ಕಣ್ಣೊರೆಸಿಕೊಂಡದ್ದು ಮಾತ್ರ ಇವರೇ.

ಹುಣ್ಣು ತೊಳೆದು ಪಟ್ಟಿ ಕಟ್ಟಿ, ಉಗುರುಗಳನ್ನು ನೇರವಾಗಿ ಕತ್ತರಿಸಿ, ಡಾಕ್ಟರು ಬುದ್ಧಿ ಹೇಳಿದರು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ಬೆರಳ ಸಂದಿಯಲ್ಲಿ ನೀರು ನಿಲ್ಲಬಾರದು. ಹಿಮ್ಮಡಿಯನ್ನು ಕಲ್ಲಿನಿಂದ ತಿಕ್ಕಲೇಬಾರದು; ಇದಕ್ಕೆ ನಾನು ಹೌದೌದು ಎಂದು ತಲೆಯಾಡಿಸಿದೆ. ದಿನಾ ಸಂಜೆ ಮನೆಯವರು ಯಾರಾದರೂ ಅಂಗಾಲು ನೋಡಬೇಕು.

ಹೀಗೆ ಇವರಿಗೆ ಹೊಸ ನೌಕರಿ ಸಿಕ್ಕಿತು. ಹುಣ್ಣು ಒಂದೂವರೆ ತಿಂಗಳಲ್ಲಿ ಮಾಯಿತು, ಬೆರಳು ಉಳಿಯಿತು, ನೌಕರಿ ಮಾತ್ರ ಇನ್ನೂ ನಡೆದಿದೆ. ಗಂಡನ ಮುಂದೆ ಕಾಲು ಚಾಚಲು ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ತಡಮಾಡಿದರೆ ನಾನೇ ಕೂಗಿ ಕರೆಯುತ್ತೇನೆ.

ಮೊದಲ ಸಂಜೆಯ ಸಂಗತಿ ಹೇಳಲೇಬೇಕು. ಚಾಳೀಸು ಮೂಗಿಗೇರಿಸಿ ಬಲಗಾಲನ್ನು ಎತ್ತಿ ಹಿಡಿದವರು ಅಂಗಾಲಿನ ಹಳೆಯ ಗಾಯದ ಗುರುತೊಂದನ್ನು ಕಂಡು, ಇದು ಯಾವಾಗಿನದೆಂದು ಕೇಳಿದರು. ಮುಚ್ಚಿಟ್ಟು ದಣಿದಿದ್ದೆನೇನೋ, ಹೇಳಿಬಿಟ್ಟೆ. ಮದುವೆಯಾದ ಹೊಸದರಲ್ಲಿ ಅತ್ತೆಯ ಉಪ್ಪಿನಕಾಯಿ ಭರಣಿ ಕೈಜಾರಿ ಒಡೆದು, ಚೂರು ಕಾಲಿಗೆ ನೆಟ್ಟು, ಎರಡನ್ನೂ ಯಾರಿಗೂ ಹೇಳದೆ ನುಂಗಿಕೊಂಡಿದ್ದೆ.

ಇವರು ಆ ಗುರುತಿನ ಮೇಲೆ ಹೆಬ್ಬೆರಳಾಡಿಸಿದರು.

"ನಮ್ಮವ್ವ ಸಾಯೂತನಕಾ ಅದಕ್ಕ ಬೆಕ್ಕಿಗೆ ಬೈದ್ಲಲ್ಲ" ಎಂದರು, ಮತ್ತು ಎಡಗಾಲು ಕೊಡು ಎಂದು ಕೈ ಚಾಚಿದರು.